ಮತದಲ್ಲಿ ಸಮಾನತೆ, ಮಣ್ಣಿನಲ್ಲಿ ಅಸಮಾನತೆ

ಒಂದು ಊರಿನಲ್ಲಿ ಒಬ್ಬನಿಗೆ ನೂರು ಎಕರೆ ಎರೆ ಹೊಲವಿದೆ. ಇನ್ನೊಬ್ಬನಿಗೆ ಗೇಣು ನೆಲವೂ ಇಲ್ಲ. ಚುನಾವಣೆಯ ದಿನ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಬ್ಬರ ಬೆರಳಿಗೂ ಒಂದೇ ಶಾಯಿ. ಎಣಿಕೆಯ ಹೊತ್ತಿಗೆ ಇಬ್ಬರ ಮತಕ್ಕೂ ಒಂದೇ ಬೆಲೆ. ಬಹುತೇಕ ಊರುಗಳಲ್ಲಿ ಹೆಚ್ಚು ಉಳ್ಳವರು ಕೆಲವರು, ಕಡಿಮೆ ಉಳ್ಳವರು ಹಲವರು. ಆಳುವುದು ಹಲವರ ಮಾತು ಎಂದಾದ ಮೇಲೆ, ಆ ಹಲವರು ತಮ್ಮ ಮತದ ಬಲದಿಂದಲೇ ಸಂಪತ್ತನ್ನು ತಮ್ಮ ಕಡೆಗೆ ಏಕೆ ಎಳೆದುಕೊಳ್ಳುವುದಿಲ್ಲ? ಎಳೆದುಕೊಂಡರೆ ಯಾವಾಗ, ಎಷ್ಟರ ಮಟ್ಟಿಗೆ?

ಈ ಪ್ರಶ್ನೆ ಹೊಸದಲ್ಲ. ನಮ್ಮ ದೇಶದ ಶಿಕ್ಷಣಕ್ರಮವನ್ನು ಕುರಿತ 1835ರ ಟಿಪ್ಪಣಿಯಿಂದ ನಮಗೆ ಪರಿಚಿತನಾದ ಮೆಕಾಲೆ, 1842ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಚಾರ್ಟಿಸ್ಟರ ಬೇಡಿಕೆಯನ್ನು ವಿರೋಧಿಸುತ್ತ, ಎಲ್ಲರಿಗೂ ಮತವನ್ನು ಕೊಟ್ಟರೆ ಆಸ್ತಿಯೆಂಬುದು ಉಳಿಯಲಾರದು ಎಂದು ವಾದಿಸಿದನು. ಅವನಿಗೆ ಭಯವಾಗಿದ್ದುದು ಇತರರಿಗೆ ಭರವಸೆಯಾಗಿತ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಡಾ. ಅಂಬೇಡ್ಕರರು, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಹಾಗೂ ಆರ್ಥಿಕ ಜೀವನದಲ್ಲಿ ಅಸಮಾನತೆ ಎಂಬ ವಿರೋಧಾಭಾಸದೊಳಕ್ಕೆ ನಾವು ಕಾಲಿಡುತ್ತಿದ್ದೇವೆಂದು ಎಚ್ಚರಿಸಿದರು. ಮೆಕಾಲೆಯ ಭಯವು ಪೂರ್ತಿಯಾಗಿ ನಿಜವಾಗಲಿಲ್ಲ. ಅಂಬೇಡ್ಕರರ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ. ಇದರ ಕಾರಣವನ್ನು ಮೊದಲು ಲೆಕ್ಕದಿಂದಲೂ ಬಳಿಕ ನಮ್ಮ ಧಾರವಾಡ ಸೀಮೆಯ ಹೊಲಗಳ ಇತಿಹಾಸದಿಂದಲೂ ತಿಳಿಯಲು ಯತ್ನಿಸೋಣ.

ಐದು ಮನೆಗಳ ಊರು

ಲೆಕ್ಕ ಸುಲಭವಾಗಲೆಂದು ಐದೇ ಮನೆಗಳಿರುವ ಊರೊಂದನ್ನು ಕಲ್ಪಿಸಿಕೊಳ್ಳೋಣ. ಮನೆಗಳ ತಿಂಗಳ ವರಮಾನ ಕ್ರಮವಾಗಿ 2, 3, 4, 6 ಮತ್ತು 35 ಸಾವಿರ ರೂಪಾಯಿ. ಒಟ್ಟು 50 ಸಾವಿರ. ಸರಾಸರಿ 10 ಸಾವಿರ. ಆದರೆ ಸಾಲಿನ ನಟ್ಟನಡುವೆ ನಿಂತಿರುವ ಮೂರನೆಯ ಮನೆಯ ವರಮಾನ 4 ಸಾವಿರ ಮಾತ್ರ. ಈ ನಡುವಿನ ಸಂಖ್ಯೆಗೆ ಸಂಖ್ಯಾಶಾಸ್ತ್ರಜ್ಞರು ಮಧ್ಯಾಂಕವೆನ್ನುತ್ತಾರೆ. ಸರಾಸರಿಗೂ ಮಧ್ಯಾಂಕಕ್ಕೂ ಇರುವ ಈ ಅಂತರವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ.

ಈಗ ಪ್ರತಿಯೊಬ್ಬರ ವರಮಾನದ ಐದನೆಯ ಒಂದು ಪಾಲನ್ನು ತೆರಿಗೆಯಾಗಿ ಕೂಡಿಸಿ, ಬಂದ 10 ಸಾವಿರವನ್ನು ಐದು ಮನೆಗಳಿಗೂ ಸಮನಾಗಿ ತಲಾ 2,000ದಂತೆ ಹಂಚಬೇಕೆಂಬ ಸೂಚನೆ ಬಂದಿತೆನ್ನೋಣ. ಮೊದಲನೆಯವನು 400 ಕೊಟ್ಟು 2,000 ಪಡೆಯುವನು. ನಡುವಿನವನು 800 ಕೊಟ್ಟು 2,000 ಪಡೆಯುವನು. ನಾಲ್ಕನೆಯವನಿಗೂ ಲಾಭವೇ, 1,200 ಕೊಟ್ಟವನಿಗೆ 2,000 ಬರುತ್ತದೆ. ಐದನೆಯವನು ಮಾತ್ರ 7,000 ಕೊಟ್ಟು 2,000ಕ್ಕೆ ತೃಪ್ತನಾಗಬೇಕು. ಮತಕ್ಕೆ ಹಾಕಿದರೆ ನಾಲ್ಕಕ್ಕೆ ಒಂದರಂತೆ ಸೂಚನೆ ಗೆಲ್ಲುತ್ತದೆ.

ಪಕ್ಕದ ಇನ್ನೊಂದು ಊರಿನಲ್ಲಿ ವರಮಾನಗಳು 8, 9, 10, 11 ಮತ್ತು 12 ಸಾವಿರ ಎಂದಿರಲಿ. ಅಲ್ಲಿಯೂ ಒಟ್ಟು 50, ಸರಾಸರಿ 10. ಆದರೆ ಮಧ್ಯಾಂಕವೂ 10. ಅದೇ ತೆರಿಗೆಯನ್ನು ಹಾಕಿದರೆ ನಡುವಿನವನು 2,000 ಕೊಟ್ಟು 2,000 ಪಡೆಯುತ್ತಾನೆ. ಇಬ್ಬರು ಪರ, ಇಬ್ಬರು ವಿರೋಧ, ನಡುವಿನವನಿಗೆ ಯಾವುದೂ ಒಂದೇ. ಇಟಲಿಯ ಕೊರ್ರಾದೊ ಜೀನಿ 1912ರಲ್ಲಿ ರೂಪಿಸಿದ ಅಳತೆಯೊಂದುಂಟು. ಎಲ್ಲರೂ ಸಮನಾಗಿದ್ದರೆ ಅದು ಸೊನ್ನೆ, ಎಲ್ಲವೂ ಒಬ್ಬನದೇ ಆದರೆ ಒಂದಕ್ಕೆ ಸಮೀಪ. ನಮ್ಮ ಮೊದಲನೆಯ ಊರಿನ ಜೀನಿ ಅಂಕ ಸುಮಾರು 0.55, ಎರಡನೆಯದು 0.08. ಅಸಮಾನತೆ ಹೆಚ್ಚಿದಷ್ಟೂ ಹಂಚಿಕೆಯ ಬೇಡಿಕೆ ಹೆಚ್ಚಬೇಕೆಂದು ಈ ಲೆಕ್ಕ ಹೇಳುತ್ತದೆ. 1981ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ಮೆಲ್ಟ್ಸರ್ ಮತ್ತು ರಿಚರ್ಡ್ ಎಂಬವರು ಈ ವಾದವನ್ನು ಗಣಿತದ ರೂಪದಲ್ಲಿ ಮುಂದಿಟ್ಟರು. ತೆರಿಗೆ ಅತಿಯಾದರೆ ದುಡಿಯುವ ಹುರುಪು ಕುಗ್ಗಿ ಹಂಚಬೇಕಾದ ರಾಶಿಯೇ ಕರಗುವುದರಿಂದ, ನಡುವಿನವನು ಕೂಡ ಒಂದು ಮಿತಿಯ ಆಚೆ ಹೋಗಲಾರನೆಂಬುದನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು.

ಲೆಕ್ಕ ತಪ್ಪುವ ಸ್ಥಳ

ಲೋಕದ ಅನುಭವವು ಈ ಲೆಕ್ಕವನ್ನು ಅಷ್ಟಾಗಿ ಒಪ್ಪುವುದಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1970ರ ದಶಕದಿಂದೀಚೆಗೆ ಅಸಮಾನತೆ ಏರುತ್ತ ಬಂದಿತು. ಲೆಕ್ಕದಂತೆ ಶ್ರೀಮಂತರ ಮೇಲಣ ತೆರಿಗೆಯೂ ಏರಬೇಕಾಗಿತ್ತು. ಆದರೆ ಆದಾಯ ತೆರಿಗೆಯ ಗರಿಷ್ಠ ದರವು 1980ರಲ್ಲಿ ನೂರಕ್ಕೆ 70 ಇದ್ದುದು 1988ರ ವೇಳೆಗೆ 28ಕ್ಕೆ ಇಳಿಯಿತು. ನಮ್ಮಲ್ಲಿಯೂ ಸತ್ತವರ ಆಸ್ತಿಯ ಮೇಲೆ 1953ರಲ್ಲಿ ವಿಧಿಸಿದ ತೆರಿಗೆಯನ್ನು 1985ರಲ್ಲಿ ತೆಗೆದುಹಾಕಲಾಯಿತು. 1957ರ ಸಂಪತ್ತಿನ ತೆರಿಗೆಯು 2015ರ ಬಜೆಟ್ಟಿನಲ್ಲಿ ರದ್ದಾಯಿತು. ಇವುಗಳನ್ನು ತೆಗೆದುದು ಮತದಾರರಿಂದ ಆರಿಸಿ ಬಂದ ಸರಕಾರಗಳೇ.

ಇದಕ್ಕೆ ವಿದ್ವಾಂಸರು ಹಲವು ಕಾರಣಗಳನ್ನು ಹೇಳುತ್ತಾರೆ. ಮತದಾರನು ವರಮಾನವೊಂದನ್ನೇ ನೋಡಿ ಮತ ಹಾಕುವುದಿಲ್ಲ. ಜಾತಿ, ಭಾಷೆ, ಧರ್ಮ, ಊರಿನ ಅಭಿಮಾನ ಎಲ್ಲವೂ ಅವನೊಡನೆ ಮತಗಟ್ಟೆಗೆ ಬರುತ್ತವೆ. ಹಣವಂತರಿಗೆ ಮತ ಒಂದೇ ಆದರೂ ಮಂತ್ರಿಗಳ ಬಾಗಿಲನ್ನು ತಟ್ಟುವ ಕೈಗಳು ಹಲವು. ಇನ್ನು ಆಸೆಯೂ ಒಂದು ಕಾರಣ. ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞನು 1973ರಲ್ಲಿ ಒಂದು ಉಪಮೆಯನ್ನು ಕೊಟ್ಟನು. ಸುರಂಗದಲ್ಲಿ ಎರಡು ಸಾಲು ವಾಹನಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತುಬಿಟ್ಟಿವೆ. ಪಕ್ಕದ ಸಾಲು ಚಲಿಸತೊಡಗಿದರೆ ನಮಗೆ ಮೊದಲು ಸಂತೋಷವೇ ಆಗುತ್ತದೆ, ನಮ್ಮ ಸರದಿಯೂ ಬಂದೀತೆಂದು. ಎಷ್ಟು ಹೊತ್ತಾದರೂ ನಮ್ಮ ಸಾಲು ಅಲುಗದಿದ್ದರೆ ಆಗ ಸಿಟ್ಟು ಹುಟ್ಟುತ್ತದೆ. ನೆರೆಯವನ ಏಳಿಗೆಯನ್ನು ಜನ ಬಹುಕಾಲ ಸಹಿಸುವುದು ಈ ನಿರೀಕ್ಷೆಯಿಂದಲೇ.

ಆದರೆ ಇವೆಲ್ಲಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವು ನಮ್ಮ ಐದು ಮನೆಗಳ ಊರಿನಲ್ಲಿಯೇ ಅಡಗಿದೆ. ಹಣವನ್ನು ಎಲ್ಲರಿಗೂ ಸಮನಾಗಿಯೇ ಹಂಚಬೇಕೆಂದು ನಾವು ಊಹಿಸಿದ್ದೆವು. ಹಾಗೆಂದು ಕಟ್ಟಳೆಯೇನೂ ಇಲ್ಲ. ಬಹುಮತಕ್ಕೆ ಬೇಕಾದುದು ಮೂವರು ಮಾತ್ರ. ನಡುವಿನ ಮೂರು ಮನೆಯವರು ಒಂದಾಗಿ, ಕೂಡಿದ 10 ಸಾವಿರವನ್ನು ತಮ್ಮಲ್ಲಿಯೇ ಹಂಚಿಕೊಳ್ಳಬೇಕೆಂದು ನಿರ್ಣಯಿಸಿದರೆ ತಲಾ 3,333 ರೂಪಾಯಿ ಬರುತ್ತದೆ. ಐವರಿಗೆ ಹಂಚಿದಾಗ ಬರುತ್ತಿದ್ದುದು 2,000. ಒಂದನೆಯ ಮನೆಯವನು 400 ರೂಪಾಯಿ ತೆರಿಗೆಯನ್ನೂ ಕೊಟ್ಟು ಬರಿಗೈಯಲ್ಲಿ ನಿಲ್ಲುತ್ತಾನೆ. ನಡುವಿನವನಿಲ್ಲದೆ ಕೆಳಗಿನವನಿಗೆ ಬಹುಮತವಿಲ್ಲ. ಕೆಳಗಿನವನಿಲ್ಲದೆಯೂ ನಡುವಿನವನಿಗೆ ಬಹುಮತ ದೊರೆಯಬಹುದು. ಪ್ರಜಾಪ್ರಭುತ್ವದ ಕೀಲಿಕೈ ಕಡುಬಡವನ ಕೈಯಲ್ಲಿಲ್ಲ, ನಡುವಿನವನ ಕೈಯಲ್ಲಿದೆ. ಧಾರವಾಡ ಸೀಮೆಯ ಭೂಸುಧಾರಣೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಐದು ತಿಂಗಳ ಅಂತರ

ಇಂದಿನ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳು 1997ರವರೆಗೆ ಒಂದೇ ಧಾರವಾಡ ಜಿಲ್ಲೆಯಾಗಿದ್ದವು. 1956ರವರೆಗೆ ಆ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಬ್ರಿಟಿಷರ ಕಾಲದ 1935ರ ಕಾಯದೆಯಂತೆ ಮತದ ಹಕ್ಕು ಕಂದಾಯ ಕೊಡುವವರು, ಆಸ್ತಿಯುಳ್ಳವರು, ವಿದ್ಯಾವಂತರು ಮೊದಲಾದವರಿಗೆ ಸೀಮಿತವಾಗಿತ್ತು. ಹೊಲವನ್ನು ಲಾವಣಿಯಿಂದ ಮಾಡುತ್ತಿದ್ದ ಬಡ ಗೇಣಿದಾರನೂ ಕೂಲಿಯವನೂ ಬಹುಮಟ್ಟಿಗೆ ಮತಗಟ್ಟೆಯ ಹೊರಗೇ ಇದ್ದರು. 1951-52ರ ಮೊದಲ ಮಹಾ ಚುನಾವಣೆಯಲ್ಲಿ ವಯಸ್ಕರೆಲ್ಲರೂ ಒಳಕ್ಕೆ ಬಂದರು. ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದುದೂ 1951ರಲ್ಲಿಯೇ.

ಮುಂಬಯಿ ಸರಕಾರ 1948ರಲ್ಲಿಯೇ ಗೇಣಿ ಕಾಯದೆಯೊಂದನ್ನು ಮಾಡಿತ್ತು. 1956ರಲ್ಲಿ ಅದನ್ನು ತಿದ್ದಿ, 1957ರ ಏಪ್ರಿಲ್ 1ನೆಯ ದಿನವನ್ನು ಉಳುವವನ ದಿನವೆಂದು ಗೊತ್ತುಮಾಡಿತು. ಆ ದಿನ ಬೆಳಗಾದೊಡನೆ ಗೇಣಿದಾರನು ತಾನು ಉಳುತ್ತಿರುವ ಹೊಲವನ್ನು ಕೊಂಡಂತೆಯೇ ಎಂದು ಕಾಯದೆ ಎಣಿಸುವುದು. ಬೆಲೆಯನ್ನು ಬಳಿಕ ಕಂತುಗಳಲ್ಲಿ ಸಲ್ಲಿಸಬೇಕು. ಆದರೆ ಅಷ್ಟರಲ್ಲಿ, 1956ರ ನವೆಂಬರ್ 1ರಂದು, ಕನ್ನಡಿಗರ ಬಹುಕಾಲದ ಬಯಕೆ ಈಡೇರಿ ಧಾರವಾಡವು ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೊಡನೆ ಹೊಸ ಮೈಸೂರು ರಾಜ್ಯವನ್ನು ಸೇರಿತು. ಹೊಸ ರಾಜ್ಯದಲ್ಲಿ ಐದು ಪ್ರದೇಶಗಳಿಂದ ಬಂದ ಐದು ಬಗೆಯ ಗೇಣಿ ಕಾನೂನುಗಳಿದ್ದವು. ಅವನ್ನೆಲ್ಲ ಒಂದುಗೂಡಿಸುವವರೆಗೆಂದು ಮೈಸೂರು ಸರಕಾರ 1957ರಲ್ಲಿ ಆ ಕಲಮುಗಳನ್ನು ತಡೆಹಿಡಿಯಿತು. ಮುಂಬಯಿ ರಾಜ್ಯದಲ್ಲಿಯೇ ಉಳಿದ ಸೊಲ್ಲಾಪುರದ ಗೇಣಿದಾರನಿಗೆ ದೊರೆತ ಹಕ್ಕು ಧಾರವಾಡದ ಗೇಣಿದಾರನ ಕೈಗೆ ಐದು ತಿಂಗಳ ಅಂತರದಲ್ಲಿ ತಪ್ಪಿತು. ಮತ ಇಬ್ಬರಿಗೂ ಇತ್ತು. ಬಡತನವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಸಮಾನತೆಯೊಂದರಿಂದಲೇ ಹಂಚಿಕೆ ಆಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬಿ. ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿಯ ವರದಿಯ ಬಳಿಕ 1961ರಲ್ಲಿ ಹೊಸ ಭೂಸುಧಾರಣಾ ಕಾಯದೆಯು ಶಾಸನ ಸಭೆಯಲ್ಲಿ ಅಂಗೀಕೃತವಾಯಿತು. ಜಾರಿಗೆ ಬರಲು 1965ರ ಅಕ್ಟೋಬರ್ 2ರವರೆಗೆ ಕಾಯಬೇಕಾಯಿತು. ಒಡೆಯನು ಸ್ವಂತ ಸಾಗುವಳಿಗೆಂದು ಹೊಲವನ್ನು ಮರಳಿ ಕೇಳಲು ಅದರಲ್ಲಿ ಅವಕಾಶವಿತ್ತು. ನಡುವಣ ವರ್ಷಗಳಲ್ಲಿ ಹೊಲಗಳು ಕಾಗದದ ಮೇಲೆ ಹಂಚಿಹೋದವು. ಗೇಣಿದಾರರು ತಾವಾಗಿಯೇ ಬಿಟ್ಟುಕೊಟ್ಟರೆಂದು ಬರೆಸಿಕೊಂಡುದೂ ಉಂಟು. ಶಾಸನ ಸಭೆಯಲ್ಲಿ ಕುಳಿತವರಲ್ಲಿ ಹೊಲವುಳ್ಳ ಮನೆತನದವರೇ ಬಹಳವಾಗಿದ್ದ ಕಾಲ ಅದು.

ಬಹುಮತ ಕೂಡಿದ ಬಗೆ

1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರು ಸಂಖ್ಯೆಯಲ್ಲಿ ಬಹು ಸಣ್ಣದಾದ ಸಮುದಾಯಕ್ಕೆ ಸೇರಿದವರು. ರಾಜ್ಯದ ಎರಡು ದೊಡ್ಡ ಕೃಷಿಕ ಸಮುದಾಯಗಳ ಹಿಡಿತದ ಹೊರಗೆ ಅವರು ಬಹುಮತವನ್ನು ಕಟ್ಟಬೇಕಾಗಿತ್ತು. ಹಿಂದುಳಿದ ಅನೇಕ ಸಣ್ಣ ಜಾತಿಗಳು, ದಲಿತರು, ಅಲ್ಪಸಂಖ್ಯಾತರು, ಗೇಣಿದಾರರು ಇವರನ್ನು ಒಂದೆಡೆ ಸೇರಿಸುವುದು ಅವರ ದಾರಿಯಾಯಿತು. ರಾಣಿಬೆನ್ನೂರಿನ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿಯಿತ್ತ ಹಿಂದುಳಿದ ವರ್ಗಗಳ ಆಯೋಗವೂ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯೂ ಒಂದೇ ರಾಜಕೀಯದ ಎರಡು ಕೈಗಳು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಕೆಳಗಿನ ಎರಡು ಮನೆಗಳನ್ನೂ ನಡುವಿನ ಮನೆಯನ್ನೂ ಒಂದೇ ಪಕ್ಷಕ್ಕೆ ತಂದ ಅಪರೂಪದ ಸಂದರ್ಭವದು.

ತಿದ್ದುಪಡಿಯ ರಚನೆಯನ್ನು ಗಮನಿಸಬೇಕು. ಗೇಣಿಯ ಮೇಲಿದ್ದ ಹೊಲಗಳೆಲ್ಲ ಆ ದಿನದಿಂದ ಸರಕಾರಕ್ಕೆ ಸೇರಿದವು. ಉಳುತ್ತಿದ್ದವನು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ ತನ್ನ ಸಾಗುವಳಿಯನ್ನು ತೋರಿಸಿದರೆ ಹಕ್ಕು ಅವನದು. ತೀರ್ಪು ಕೊಡಲು ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಏರ್ಪಟ್ಟವು. ಅಸಿಸ್ಟಂಟ್ ಕಮಿಷನರು ಅಧ್ಯಕ್ಷರಾಗಿ, ಸರಕಾರವು ನೇಮಿಸಿದ ನಾಲ್ವರು ಸದಸ್ಯರು ಅವರೊಡನೆ ಕುಳಿತರು. ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕು. ವಕೀಲರಿಗೆ ಪ್ರವೇಶವಿರಲಿಲ್ಲ. ಲಾವಣಿ ಎಷ್ಟೋ ಕಡೆ ಬಾಯಿಮಾತಿನದು; ಕಾಗದ ಒಡೆಯನಲ್ಲಿ, ಸಾಕ್ಷಿ ಊರಿನಲ್ಲಿ. ಕಾಗದಕ್ಕಿಂತ ಊರಿನ ಮಾತಿಗೆ ಕಿವಿಗೊಡಬಲ್ಲ ಪೀಠವೊಂದು ಆಗ ದೊರೆಯಿತು. ಅರ್ಜಿಯ ಗಡುವು 1979ರ ಜೂನ್ 30ರವರೆಗೆ ಬೆಳೆಯಿತು. ರಾಜ್ಯದಲ್ಲೆಲ್ಲ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚಿನವು ಗೇಣಿದಾರರ ಪರವಾಗಿ ತೀರ್ಮಾನವಾದವು. ಗೇಣಿ ಬಹು ವ್ಯಾಪಕವಾಗಿದ್ದ ಕರಾವಳಿ ಮಲೆನಾಡುಗಳಲ್ಲಿ ಫಲ ಹೆಚ್ಚು. ಸ್ವಂತ ಒಕ್ಕಲುತನವೇ ಪ್ರಧಾನವಾದ ಧಾರವಾಡದ ಬಯಲಿನಲ್ಲಿ ಅದಕ್ಕಿಂತ ಕಡಿಮೆ.

ಕಳೆದುಕೊಂಡವರೂ ಉಂಟು, ಅವರೆಲ್ಲರೂ ಜಮೀನುದಾರರಾಗಿರಲಿಲ್ಲ. ಸೈನಿಕರು, ನಾವಿಕರು ಇವರಿಗೆ ದೊರೆತ ವಿನಾಯಿತಿ ವಿಧವೆಯರಿಗೆ ದೊರೆಯಲಿಲ್ಲ. ಹುಬ್ಬಳ್ಳಿ ಧಾರವಾಡದಂಥ ಪಟ್ಟಣಗಳಲ್ಲಿ ನೆಲಸಿ, ಹಳ್ಳಿಯ ನಾಲ್ಕಾರು ಎಕರೆಯಿಂದ ಬರುವ ಲಾವಣಿಯ ಜೋಳದಿಂದಲೇ ಒಲೆ ಹೊತ್ತಿಸುತ್ತಿದ್ದ ಮನೆಗಳಿಗೆ ಅದೊಂದು ದೊಡ್ಡ ಪೆಟ್ಟಾಯಿತು. ಹಂಚಿಕೆಯ ಯಾವ ಕಾಯದೆಯೂ ಗೆರೆಯನ್ನು ಎಲ್ಲಿಯಾದರೂ ಎಳೆಯಲೇಬೇಕು. ಗೆರೆಯ ಬಳಿ ನಿಂತವರಿಗೆ ಅದು ಒಂದೊಂದು ಸಲ ಅನ್ಯಾಯವಾಗಿ ಕಾಣುವುದು ಅನಿವಾರ್ಯ.

ಇನ್ನೊಂದು ಮಾತನ್ನು ಮರೆಯಲಾಗದು. ಹೊಲ ದೊರೆತುದು ಉಳುವ ಗೇಣಿದಾರನಿಗೆ, ಕೂಲಿಯವನಿಗಲ್ಲ. ಕೃಷಿ ಕೂಲಿಕಾರನಿಗೆ ತಾನು ವಾಸವಾಗಿದ್ದ ಮನೆಯ ನೆಲದ ಮೇಲೆ ಹಕ್ಕು ಬಂದಿತು. ಬೇರೆ ಕಾನೂನುಗಳಿಂದ ಸಾಲದ ಹೊರೆ ಇಳಿಯಿತು. ಹೊಲ ಬರಬೇಕಾಗಿದ್ದುದು ಗರಿಷ್ಠ ಮಿತಿಯನ್ನು ಮೀರಿದ ಹಿಡುವಳಿಗಳಿಂದ. ಐವರ ಕುಟುಂಬಕ್ಕೆ ಹತ್ತು ಯೂನಿಟ್ ಎಂದು ಮಿತಿ. ಖುಷ್ಕಿ ಭೂಮಿಯಾದರೆ ಅದು 54 ಎಕರೆಯವರೆಗೆ ಆಗುತ್ತಿತ್ತು. ಅದಕ್ಕೂ ಮಿಕ್ಕ ಹೊಲವು ಮೊದಲೇ ಮಕ್ಕಳು ಮೊಮ್ಮಕ್ಕಳ ಹೆಸರಿಗೆ ಹೋಗಿದ್ದುದರಿಂದ ಕೈಗೆ ಸಿಕ್ಕಿದುದು ಸ್ವಲ್ಪವೇ. ಹಂಚಿಕೆಯು ನಡುವಿನ ಮನೆಯವರೆಗೆ ಬಂದು ಅಲ್ಲಿಯೇ ನಿಂತಿತು.

ನವಲಗುಂದದ ಪಾಠ

ನಡುವಿನವನ ಬಲವೆಷ್ಟೆಂಬುದು 1980ರಲ್ಲಿ ಕಂಡುಬಂದಿತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಕಾಲುವೆಗಳು ನವಲಗುಂದ ನರಗುಂದಗಳ ಎರೆ ಸೀಮೆಗೆ ಬಂದವು. ಸಾರ್ವಜನಿಕರ ಹಣದಿಂದ ಹೊಲದ ಬೆಲೆ ಏರಿದಾಗ, ಆ ಏರಿಕೆಯ ಒಂದು ಪಾಲು ಸಾರ್ವಜನಿಕರಿಗೆ ಮರಳಬೇಕೆಂಬುದು ಅಭಿವೃದ್ಧಿ ಕರದ ತತ್ತ್ವ. ತತ್ತ್ವದಲ್ಲಿ ಅದೂ ಒಂದು ಬಗೆಯ ಹಂಚಿಕೆಯೇ. ಆದರೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಿರಲಿಲ್ಲ. ಹತ್ತಿಯ ಬೆಲೆ ಕುಸಿದಿತ್ತು. ಕರದ ವಸೂಲಿ ಮಾತ್ರ ನಿಂತಿರಲಿಲ್ಲ. 1980ರ ಜುಲೈ 21ರಂದು ಚಳವಳಿಯು ಹಿಂಸೆಗೆ ತಿರುಗಿ, ಗೋಳಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಪೋಲೀಸರ ಕಡೆಯಲ್ಲಿಯೂ ಸಾವು ಸಂಭವಿಸಿತು. ಆ ದಿನವನ್ನು ಇಂದಿಗೂ ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ.

ಕಿಚ್ಚು ರಾಜ್ಯವನ್ನೆಲ್ಲ ವ್ಯಾಪಿಸಿತು. ಸರಕಾರ ರಿಯಾಯಿತಿಗಳನ್ನು ಸಾರಬೇಕಾಯಿತು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಆಳುವ ಪಕ್ಷ ಸೋತು, ರಾಜ್ಯದಲ್ಲಿ ಮೊದಲ ಬಾರಿ ಕಾಂಗ್ರೆಸ್ಸೇತರ ಸರಕಾರ ಬಂದಿತು. ಈ ಸೋಲಿಗೆ ಬೇರೆ ಕಾರಣಗಳೂ ಇದ್ದವು. ರೈತರ ಸಿಟ್ಟು ಅವುಗಳಲ್ಲಿ ಮುಖ್ಯವಾದದ್ದು. ಕರ, ಸಾಲ, ಬೆಳೆಯ ಬೆಲೆ ಇವು ಹೊಲವುಳ್ಳವನ ಬೇಡಿಕೆಗಳು. ಅವು ನ್ಯಾಯವಾದವೇ ಇರಬಹುದು. ಆದರೆ ಹತ್ತಿ ಬಿಡಿಸುವ ಹೆಣ್ಣುಮಗಳ ಕೂಲಿಯ ಪ್ರಶ್ನೆ ಸರಕಾರಗಳನ್ನು ಆ ಬಗೆಯಲ್ಲಿ ಅಲುಗಿಸಿದುದನ್ನು ನಾವು ಕಾಣೆವು. ಒಕ್ಕಟ್ಟು, ಕಾಲಾವಕಾಶ, ಪಟ್ಟಣಕ್ಕೆ ಹೋಗಿ ಬರುವ ಖರ್ಚು ಇವೆಲ್ಲ ಹೊಲದೊಡನೆ ಬರುವ ಸೌಲಭ್ಯಗಳು. ಒಂದು ದಿನ ದುಡಿಯದಿದ್ದರೆ ಅಂದಿನ ರೊಟ್ಟಿಯಿಲ್ಲವೆನ್ನುವವಳಿಗೆ ಮತವೊಂದೇ ಇದೆ, ಅದೂ ಐದು ವರ್ಷಕ್ಕೊಮ್ಮೆ.

ಕೆಳಗಿನ ಮನೆಯವರೆಗೆ

ಹಾಗಾದರೆ ಹಂಚಿಕೆಯು ಕೊನೆಯ ಮನೆಯನ್ನು ಮುಟ್ಟುವ ಬಗೆ ಯಾವುದು? ಸ್ವೀಡನ್ನಿನ ಸಮಾಜಶಾಸ್ತ್ರಜ್ಞರಾದ ಕೊರ್ಪಿ ಮತ್ತು ಪಾಲ್ಮೆ 1998ರಲ್ಲಿ ಕೆಲವು ದೇಶಗಳನ್ನು ಹೋಲಿಸಿ ನೋಡಿ ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಬಡವರಿಗೆ ಮಾತ್ರ ಎಂದು ಆರಿಸಿ ಕೊಡುವ ದೇಶಗಳಿಗಿಂತ, ಎಲ್ಲರಿಗೂ ಕೊಡುವ ದೇಶಗಳಲ್ಲಿ ಬಡತನವೂ ಅಸಮಾನತೆಯೂ ಹೆಚ್ಚು ತಗ್ಗಿದ್ದವು. ನಡುವಿನವನಿಗೂ ಪಾಲಿರುವ ಯೋಜನೆಗೆ ಅವನ ಬೆಂಬಲವಿರುತ್ತದೆ, ಆದುದರಿಂದ ಅದಕ್ಕೆ ಹಣವೂ ಹೆಚ್ಚಾಗಿ ಬರುತ್ತದೆ ಎಂಬುದು ಅವರ ವಿವರಣೆ. ಬಡವನಿಗೆಂದೇ ಮೀಸಲಾದ ಯೋಜನೆಯನ್ನು ಕಾಯುವವರು ಬಡವರು ಮಾತ್ರ. ಬಳಿಕ ಬಂದ ಸಂಶೋಧಕರೆಲ್ಲರೂ ಇದನ್ನು ಒಪ್ಪಿಲ್ಲವಾದರೂ ವಾದದ ತಿರುಳು ವಿಚಾರಯೋಗ್ಯವಾಗಿದೆ.

ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ, ರಾಜ್ಯದ ಇತರ ಕಡೆಗಳಂತೆ, 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಆರಂಭವಾಯಿತು. ವರಮಾನದ ಪತ್ರವನ್ನು ಅಲ್ಲಿ ಕೇಳಲಿಲ್ಲ. ಕಾಲೇಜಿನ ಅಧ್ಯಾಪಕಿಯೂ ಮಾರುಕಟ್ಟೆಗೆ ಸೊಪ್ಪು ಒಯ್ಯುವವಳೂ ಒಂದೇ ಚೀಟಿ ಪಡೆದರು. ಉಳ್ಳವಳಿಗೂ ಏಕೆ ಎಂಬ ಆಕ್ಷೇಪ ಸಹಜವೇ. ಆದರೆ ಐದು ಮನೆಗಳ ಲೆಕ್ಕವನ್ನು ಬಲ್ಲವರು, ಆ ಉಳ್ಳವಳ ಪಾಲು ಇಲ್ಲದವಳ ಪಾಲಿನ ಕಾವಲೂ ಆಗಿರಬಹುದೆಂದು ಯೋಚಿಸಬೇಕಾಗುತ್ತದೆ. ಇದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಹಣ ಯಾರಿಂದ ಬರುತ್ತದೆ? ಸರಕುಗಳ ಮೇಲಣ ತೆರಿಗೆಯನ್ನೂ ಮದ್ಯದ ಮೇಲಣ ಸುಂಕವನ್ನೂ ಬಡವನೂ ಕೊಡುತ್ತಾನೆ. ಒಂದು ಕೈಯಿಂದ ತೆಗೆದು ಇನ್ನೊಂದು ಕೈಗೆ ಕೊಟ್ಟರೆ ಅದು ಹಂಚಿಕೆಯಾಗದು. ಕೊಟ್ಟುದನ್ನು ಮಾತ್ರವಲ್ಲ, ತೆಗೆದುದನ್ನೂ ಕೂಡಿಸಿ ಕಳೆದು ನೋಡಬೇಕು.

ದೊರೆತ ಹಕ್ಕು ತಾನಾಗಿ ಉಳಿಯುವುದೂ ಇಲ್ಲ. 1974ರ ಕಾಯದೆಯಲ್ಲಿ ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ರೈತನಿಗೆ ಒಳ್ಳೆಯ ಬೆಲೆ ಬಂದೀತೆಂದು ಕೆಲವರು ಅದನ್ನು ಸ್ವಾಗತಿಸಿದರು. ಸಣ್ಣ ಹಿಡುವಳಿಗಳು ಹಣವಂತರ ಕೈಸೇರುವುವೆಂದು ಹಲವರು ಹೆದರಿದರು. ಯಾವ ಪಕ್ಷ ಸರಿಯೆಂಬುದು ಇಲ್ಲಿಯ ವಿಷಯವಲ್ಲ. ಒಂದು ಬಹುಮತ ಬರೆದುದನ್ನು ಇನ್ನೊಂದು ಬಹುಮತ ಅಳಿಸಬಲ್ಲುದೆಂಬುದು ವಿಷಯ.

ಎಲ್ಲರಿಗೂ ಮತ ಬಂದರೆ ಆಸ್ತಿಯೇ ಅಳಿಯುವುದೆಂದ ಮೆಕಾಲೆಯೂ, ಮತ ಬಂದೊಡನೆ ಬಡತನವೇ ಅಳಿಯುವುದೆಂದು ನಂಬಿದವರೂ ಒಂದೇ ಅಂಶವನ್ನು ಕಡೆಗಣಿಸಿದ್ದರು. ಬಹುಮತವು ನಿಸರ್ಗದಲ್ಲಿ ದೊರೆಯುವ ವಸ್ತುವಲ್ಲ, ಅದನ್ನು ಕಟ್ಟಬೇಕು. ಅದನ್ನು ಕಟ್ಟುವಾಗ ನಡುವಿನವನು ಯಾರ ಕಡೆಗೆ ಕೈ ಚಾಚುವನೆಂಬುದರ ಮೇಲೆ ಹೊಲವಿಲ್ಲದವನ ಮತದ ಬೆಲೆ ನಿಂತಿದೆ. ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಆ ನಡುವಿನ ಮನೆಯವರೇ ಆಗಿರುವುದರಿಂದ ಈ ಲೆಕ್ಕವನ್ನು ಅವರು ತಿಳಿದಿರುವುದು ಒಳ್ಳೆಯದು.